ಹದಿನೈದು ಮೀಟರ್ ಶಾಖಪಟ್ಟಿಯ ಕಳವು

ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹಲ್ಲಿನ ಡಾಕ್ಟರು ಏದುಸಿರು ಬಿಡುತ್ತ ಠಾಣೆಗೆ ಬಂದರು. ತಮ್ಮ ಕಾರಿನ ಎಂಜಿನ್ನಿಗೆ ಸುತ್ತಿದ್ದ ಪಟ್ಟಿ ಕಳುವಾಗಿದೆ ಎಂದರು. ದೂರು ಬರೆದುಕೊಳ್ಳಲು ಕೂತ ದಫೇದಾರ ಪೆನ್ನು ಕೆಳಗಿಟ್ಟ.

“ಕಾರು ಇದೆಯಾ?”

“ಇದೆ.”

“ಎಂಜಿನ್ನು?”

“ಅದೂ ಇದೆ.”

“ಹಾಗಾದ್ರೆ ಹೋಗಿರೋದು ಬರೀ ಬ್ಯಾಂಡೇಜು.”

“ಬ್ಯಾಂಡೇಜಲ್ಲ ರೀ, ಶಾಖಪಟ್ಟಿ. ಹದಿನೈದು ಮೀಟರು.”

ಒಳಗಿನ ಕೋಣೆಯಿಂದ ಇನ್ಸ್‌ಪೆಕ್ಟರ್ ಎದ್ದು ಬಂದರು. ಪೊಲೀಸ್ ಪರೀಕ್ಷೆಗೆ ಮುಂಚೆ ಭೌತಶಾಸ್ತ್ರ ಓದಿದ್ದ ಆ ಹೆಂಗಸಿಗೆ ಶಾಖವೆಂಬ ಮಾತು ಕಿವಿಗೆ ಬಿದ್ದರೆ ಸುಮ್ಮನಿರಲು ಆಗುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳಿ ಎಂದರು.

ಡಾಕ್ಟರದು ರೇಸಿನ ಕಾರು. ಎಂಜಿನ್ನಿನ ಉರಿಗಾಳಿಯನ್ನು ಹೊರಗೆ ಸಾಗಿಸುವ ನಾಲ್ಕು ಉಕ್ಕಿನ ಕೊಳವೆಗಳು ಒಂದಾಗುವ ಭಾಗಕ್ಕೆ ಹೆಡರ್ ಎನ್ನುತ್ತಾರೆ. ಜೋರಾಗಿ ಓಡಿಸಿದರೆ ಅದು ಕೆಂಡದ ಹಾಗೆ ಕೆಂಪಾಗುತ್ತದೆ. ಆ ಕಾವು ಬಾನೆಟ್ಟಿನ ಕೆಳಗೆ ಹರಡದಿರಲೆಂದು ಗಾಜಿನ ನೂಲಿನ ಪಟ್ಟಿ ಸುತ್ತಿಸಿದ್ದರು. ಸೋಮವಾರ ಮಧ್ಯಾಹ್ನ ಒಂದರಿಂದ ಮೂರು, ಕ್ಲಿನಿಕ್ ಮುಚ್ಚಿದ್ದ ಹೊತ್ತಿನಲ್ಲಿ, ಹಿಂದಿನ ಶೆಡ್ಡಿಗೆ ಯಾರೋ ನುಗ್ಗಿ ಅದನ್ನು ಬಿಚ್ಚಿಕೊಂಡು ಹೋಗಿದ್ದರು. ಗೊತ್ತಿಲ್ಲದೆ ಸಂಜೆ ಕಾರು ತೆಗೆದವರಿಗೆ ಅರ್ಧ ದಾರಿಯಲ್ಲಿ ಹೊಗೆ. ವೈರುಗಳ ಹೊದಿಕೆ ಕರಗಿ ಅಂಟಾಗಿತ್ತು.

“ಭಾನುವಾರ ರೇಸು ಮೇಡಂ. ಎರಡು ವರ್ಷದಿಂದ ಕಾದಿದ್ದೀನಿ. ಹೀಗೇ ಇಳಿದ್ರೆ ಮೂರನೇ ಸುತ್ತಿಗೆ ಸುಟ್ಟು ಕರಕಲಾಗ್ತೀನಿ.”

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಶೆಡ್ಡಿನಲ್ಲಿ ಪಂಚನಾಮೆ. ಪಂಚರು ಇಬ್ಬರು: ಪಕ್ಕದ ಅಂಗಡಿಯ ಟೈಲರು, ಮತ್ತು ಹಲ್ಲು ಕೀಳಿಸಿಕೊಳ್ಳಲು ಬಂದು ಆಗಷ್ಟೇ ದವಡೆಗೆ ಇಂಜೆಕ್ಷನ್ ಹಾಕಿಸಿಕೊಂಡಿದ್ದ ರೋಗಿ. ರೋಗಿ ಎಲ್ಲದಕ್ಕೂ “ಊಂ” ಎನ್ನುತ್ತಿದ್ದ. ಅದರ ಅರ್ಥವನ್ನು ಟೈಲರು ಬಿಡಿಸಿ ಹೇಳುತ್ತಿದ್ದ.

ಬಾನೆಟ್ಟಿಗೆ ಹೊರಗಿನಿಂದಲೇ ತೆಗೆಯುವ ಪಿನ್ನುಗಳಿದ್ದವು, ಆದ್ದರಿಂದ ಒಡೆದ ಗುರುತಿಲ್ಲ. ಪಟ್ಟಿಯನ್ನು ಬಿಗಿದಿದ್ದ ಎಂಟು ಸಣ್ಣ ತಂತಿಗಳನ್ನು ಕತ್ತರಿಸಿರಲಿಲ್ಲ, ತಿರುವು ಬಿಡಿಸಿ ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು.

“ಒಳ್ಳೇ ಮನೆತನದ ಕಳ್ಳ,” ಎಂದ ದಫೇದಾರ. ನೆಲದ ಮೇಲೆ ಬಿದ್ದಿದ್ದ ಪಟ್ಟಿಯ ಚೂರುಗಳನ್ನು ಬರಿಗೈಯಲ್ಲೇ ಬಾಚಿ ಲಕೋಟೆಗೆ ತುಂಬಿದ.

ಕ್ಲಿನಿಕ್ಕಿನಲ್ಲಿ ರೋಗಿಗಳ ಚೀಟಿ ಬರೆಯುವ ಮೇಜಿನಲ್ಲಿ ಕೂತಿದ್ದ ಡಾಕ್ಟರ ಹೆಂಡತಿಯನ್ನೂ ವಿಚಾರಿಸಲಾಯಿತು.

“ನಿಮಗೆ ಆ ಕಾರು ಕಂಡ್ರೆ ಆಗಲ್ಲವಂತೆ?”

“ಆಗಲ್ಲ.”

“ಪಟ್ಟಿ ನೀವು ತೆಗೆದ್ರಾ?”

“ಕದಿಯೋದಾದ್ರೆ ಕಾರನ್ನೇ ಕದೀತಿದ್ದೆ ಮೇಡಂ. ಬಟ್ಟೆ ಬಿಚ್ಚಿಕೊಂಡು ನಾನೇನು ಮಾಡ್ಲಿ?”

ಹನ್ನೊಂದು ನಲವತ್ತಕ್ಕೆ ಗ್ಯಾರೇಜು. ಪಟ್ಟಿ ಸುತ್ತಿದ್ದ ಮೆಕ್ಯಾನಿಕ್ ತನ್ನ ಗ್ಲೌಸು ತೋರಿಸಿದ.

“ನೀರಲ್ಲಿ ನೆನೆಸಿ, ಗ್ಲೌಸ್ ಹಾಕ್ಕೊಂಡು ಸುತ್ತಬೇಕು ಮೇಡಂ. ಬರಿಗೈ ಹಾಕಿದ್ರೆ ಗಾಜಿನ ಎಳೆ ಚರ್ಮಕ್ಕೆ ಹೊಕ್ಕು, ಎರಡು ದಿನ ಕೆರೆತ ಬಿಡಲ್ಲ.”

“ಕಾರಲ್ಲಿ ಬೇರೆ ಏನಾದ್ರೂ ತೊಂದರೆ ಇತ್ತಾ?”

“ಹೋದ ವಾರದಿಂದ ಟಿಕ್ ಟಿಕ್ ಅಂತಿತ್ತು. ಹೆಡರ್ ಎಲ್ಲೋ ಬಿರುಕು ಬಿಟ್ಟಿರಬೇಕು. ಆ ಹೆಡರ್ ಬೆಸೆದು ಮಾಡಿಕೊಟ್ಟಿದ್ದು ನಮ್ಮ ವೆಲ್ಡರ್ ತಾತ. ವಯಸ್ಸಾಯ್ತು, ಕೈ ನಡುಗುತ್ತೆ. ಬೆಸುಗೆ ಬಿಟ್ಟಿರುತ್ತೆ ಅಂತ ಎಲ್ಲರೂ ಹೇಳ್ತಿದ್ದಾರೆ.”

ಇನ್ಸ್‌ಪೆಕ್ಟರ್ ಉತ್ತರ ಬರೆದುಕೊಂಡು ತಲೆಯೆತ್ತಿದರು. ದಫೇದಾರ ಗ್ಯಾರೇಜಿನ ಕಂಬಕ್ಕೆ ಬೆನ್ನು ಉಜ್ಜುತ್ತಿದ್ದ. ಹನ್ನೊಂದು ಐದಕ್ಕೆ ಎಡ ಮಣಿಕಟ್ಟು, ಹನ್ನೊಂದೂವರೆಗೆ ಮೊಣಕೈ, ಈಗ ಬೆನ್ನು. ಅವರು ಆ ಮೂರು ಸಮಯಗಳನ್ನೂ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡರು. ತಾವಾಗಿ ಹೂಡದಿದ್ದ ಪ್ರಯೋಗವೊಂದು ಸೊಗಸಾಗಿ ನಡೆಯುತ್ತಿತ್ತು. ಹಿಡಿಯಷ್ಟು ಚೂರಿಗೆ ಇಷ್ಟು ಕೆರೆತವಾದರೆ ಹದಿನೈದು ಮೀಟರಿಗೆ ಎಷ್ಟು?

“ನನಗೆ ಔಷಧಿ ಕೊಡ್ಸಿ ಮೇಡಂ,” ಎಂದ ದಫೇದಾರ.

“ನಡಿ, ಅಲ್ಲಿಗೇ ಹೊರಟಿದ್ದೀವಿ.”

ಔಷಧಿ ಅಂಗಡಿಯವನು ನೆನಪು ಮಾಡಿಕೊಳ್ಳಬೇಕಾಗಿಯೇ ಬರಲಿಲ್ಲ. “ಕೆರೆತದ ಲೋಷನ್ನಾ? ನಿನ್ನೆ ಸಂಜೆ ವೆಲ್ಡರ್ ತಾತ ಎರಡು ಸೀಸೆ ಒಯ್ದರು. ನಿಂತಲ್ಲಿ ನಿಲ್ತಿರಲಿಲ್ಲ. ಅವರ ಬೆನ್ನು ಕೆರೆಯೋಕೆ ಕೊನೆಗೆ ನಾನೇ ಸ್ಕೇಲು ಕೊಟ್ಟೆ.”

ಒಂದು ಗಂಟೆ ಹತ್ತು ನಿಮಿಷಕ್ಕೆ ವೆಲ್ಡಿಂಗ್ ಶೆಡ್ಡು. ಮುದುಕರು ಎರಡೂ ಕೈಗಳನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಕೂತಿದ್ದರು. ಪೊಲೀಸರನ್ನು ಕಂಡು ಏಳಲಿಲ್ಲ.

“ಪಟ್ಟಿ ಎಲ್ಲಿದೆ?”

“ಆ ಮೂಲೇಲಿ. ಸುರುಳಿ ಸುತ್ತಿಟ್ಟಿದ್ದೀನಿ. ಮುಟ್ಟಬೇಡ್ರಪ್ಪಾ.”

“ಗೊತ್ತು ತಾತಾ,” ಎಂದು ದಫೇದಾರ ಕುತ್ತಿಗೆ ಕೆರೆದುಕೊಂಡ.

“ನಿಮ್ಮ ಹತ್ರ ಗ್ಲೌಸ್ ಇರಲಿಲ್ಲವಾ?” ಎಂದು ಇನ್ಸ್‌ಪೆಕ್ಟರ್ ಕೇಳಿದರು.

“ಚರ್ಮದ್ದಿದೆ ತಾಯಿ, ದಪ್ಪದ್ದು. ಅದನ್ನ ಹಾಕ್ಕೊಂಡು ಆ ಸಣ್ಣ ತಂತಿ ಬಿಡಿಸೋಕಾಗುತ್ತಾ? ಬೆಂಕಿ ಕೆಲಸದೋನು ನಾನು. ಬಟ್ಟೆ ಕಚ್ಚುತ್ತೆ ಅಂತ ಯಾರು ಕಂಡಿದ್ರು?”

“ಯಾಕೆ ತೆಗೆದ್ರಿ?”

“ಬಿರುಕು ಎಲ್ಲಿದೆ ಅಂತ ನೋಡೋಕೆ. ಬಿಚ್ಚಿ ತೋರ್ಸಿ ಅಂತ ಡಾಕ್ಟರಿಗೆ ಎರಡು ಸಲ ಹೇಳಿದೆ. ರೇಸ್ ಆಗಲಿ ಅಂದ್ರು. ಪಟ್ಟಿ ಸುತ್ತಿದ್ರೆ ಕಾವು ಎಲ್ಲಿಗೆ ಹೋಗುತ್ತೆ? ಉಕ್ಕಲ್ಲೇ ಕೂರುತ್ತೆ, ಉಕ್ಕು ಬೇಯುತ್ತೆ. ಪಟ್ಟಿ ಬದಲು ಒಂದು ತಗಡು ಅಡ್ಡ ಇಟ್ಟು ನಡುವೆ ಎರಡು ಬೆರಳು ಗಾಳಿ ಬಿಡಿ ಅಂದಿದ್ದೆ. ಕೊಳವೆ ಒಡೆದ್ರೆ ಪಟ್ಟೀನ ಯಾರೂ ಬಯ್ಯಲ್ಲ. ನನ್ನ ಕೈ ಬಿದ್ದುಹೋಯ್ತು ಅಂತಾರೆ. ಈ ತಿಂಗಳು ಒಬ್ಬರೂ ಕೆಲಸ ತಂದಿಲ್ಲ.”

“ಬಿರುಕು ಸಿಕ್ತಾ?”

“ಬಿಚ್ಚಿ ಮುಗಿಸೋ ಹೊತ್ತಿಗೆ ಮೈಯೆಲ್ಲ ಉರಿ. ಕನ್ನಡಕ ಮೂಗಿನ ಮೇಲೆ ನಿಲ್ಲಲಿಲ್ಲ. ಓಡಿಬಂದೆ.”

ಒಂದೂವರೆಗೆ ದಸ್ತಗಿರಿ ಬರೆದಾಯಿತು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಪ್ರಕರಣ. ಆದರೆ ಇನ್ಸ್‌ಪೆಕ್ಟರ್ ಠಾಣೆಯ ಕಡೆ ತಿರುಗಲಿಲ್ಲ, ಮುದುಕರನ್ನೂ ಕೂರಿಸಿಕೊಂಡು ಜೀಪನ್ನು ಕ್ಲಿನಿಕ್ಕಿಗೆ ಹೊಡೆಸಿದರು. ಶಾಖ ಎಲ್ಲಾದರೂ ಹೋಗಲೇಬೇಕು. ಬಾನೆಟ್ಟಿಗೆ ಹೋಗದ್ದು ಕೊಳವೆಯಲ್ಲೇ ಉಳಿದಿರಬೇಕು. ಮುದುಕರ ಮಾತಿನಲ್ಲಿ ಅವರಿಗೆ ತಪ್ಪು ಕಾಣಲಿಲ್ಲ. ಹಾಗೆಂದು ಬರೀ ಮಾತನ್ನು ನಂಬುವ ಅಭ್ಯಾಸವೂ ಅವರಿಗಿರಲಿಲ್ಲ.

ಡಾಕ್ಟರು ಬಾಯೊಳಗೆ ನೋಡುವ ಪುಟ್ಟ ಕನ್ನಡಿ ತಂದು ಹೆಡರಿನ ಅಡಿಗೆ ತೂರಿಸಿದರು. ಒಂದನೆಯ ಕೊಳವೆ, ಎರಡನೆಯದು. ಮೂರನೆಯದರಲ್ಲಿ ಅವರ ಕೈ ನಿಂತಿತು.

“ಇಲ್ಲಿದೆ ನೋಡಿ ಬಿರುಕು. ನಾನು ಹೇಳಿದ್ದೇ ಆಯ್ತು. ಬೆಸುಗೆ ಬಿಟ್ಟಿದೆ.”

ಲೋಷನ್ನಿನಿಂದ ಬೆಳ್ಳಗಾಗಿದ್ದ ಕೈಗಳನ್ನು ಮುದುಕರು ಬೆನ್ನ ಹಿಂದೆ ಕಟ್ಟಿಕೊಂಡರು. ಬಗ್ಗಿ ನೋಡಲು ಅವರಿಗೆ ಧೈರ್ಯ ಬರಲಿಲ್ಲ.

ಇನ್ಸ್‌ಪೆಕ್ಟರ್ ಡಾಕ್ಟರ ಕೈಯಿಂದ ಕನ್ನಡಿ ತೆಗೆದುಕೊಂಡರು, ದಫೇದಾರನಿಂದ ಉಕ್ಕಿನ ಅಳತೆಪಟ್ಟಿ ಕೇಳಿದರು. ಕೆಟ್ಟ ಬೆಸುಗೆ ಬಿಟ್ಟರೆ ಬಿರುಕು ಬೆಸುಗೆಯಲ್ಲೇ ಇರಬೇಕು, ಇಲ್ಲವೇ ಅದರ ಅಂಚಿಗೆ ತಾಗಿರಬೇಕು, ತಪ್ಪಿದರೆ ಹತ್ತು ಮಿಲಿಮೀಟರಿನ ಒಳಗೆ. ಅವರು ಬಗ್ಗಿ ಒಂದು ಸಲ ಅಳೆದರು, ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡರು, ಮತ್ತೆ ಬಗ್ಗಿ ಇನ್ನೊಂದು ಸಲ ಅಳೆದರು. ಆಮೇಲೆ ಮುದುಕರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ ಬರೆಸಿದರು:

ಬೆಸುಗೆ ಅಖಂಡವಾಗಿದೆ. ಬೆಸುಗೆಯ ಅಂಚಿನಿಂದ ಬಿರುಕಿಗಿರುವ ದೂರ, ಮೂವತ್ತೊಂದು ಮಿಲಿಮೀಟರ್.