ಅಧ್ಯಕ್ಷರ ಮೂಗಿಗೆ ಬಿದ್ದ ಗುಂಡು

ಅಧ್ಯಕ್ಷರ ಭಾವಚಿತ್ರಕ್ಕೆ ಮೂಗಿರಲಿಲ್ಲ.

ಕೋಟು ಇತ್ತು, ಮೀಸೆ ಇತ್ತು, ಎದೆಯ ಮೇಲೆ ಪದಕವೂ ಇತ್ತು. ಮೂಗಿನ ಜಾಗದಲ್ಲಿ ಮಾತ್ರ ಬೆರಳು ತೂರುವಷ್ಟು ತೂತು. ಚೌಕಟ್ಟಿನ ಗಾಜು ಶೂಟಿಂಗ್ ಕ್ಲಬ್ಬಿನ ಕಚೇರಿ ತುಂಬ ಚೆಲ್ಲಿತ್ತು. ಎದುರಿನ ಮೇಜಿನ ಮೇಲೆ ಕ್ಲಬ್ಬಿನದೇ ಪಿಸ್ತೂಲು.

ಎಸ್‌ಐ ಒಂಬತ್ತು ಗಂಟೆಗೆ ಬಂದಳು. ಚಿತ್ರ ನೋಡಿದಳು. ನಗು ಉಕ್ಕಿ ಬಂತು. ಕೆಮ್ಮಿ ನುಂಗಿಕೊಂಡಳು.

"ನಗ್ತಿದ್ದೀರೇನ್ರೀ?" ಎಂದರು ಅಧ್ಯಕ್ಷರು. "ಇವತ್ತು ಚಿತ್ರಕ್ಕೆ ಹೊಡೆದವನು ನಾಳೆ ನನಗೇ ಹೊಡೀತಾನೆ."

"ಧೂಳು ಸಾರ್. ಮೊದಲು ನೋಡಿದ್ದು ಯಾರು?"

"ನಾನು ಮೇಡಂ." ಮಾತಾಡಿದವನು ಮಿಸ್ತ್ರಿ. ಪಿಸ್ತೂಲುಗಳಿಗೆ ಎಣ್ಣೆ ಹಾಕುವುದು, ರಿಪೇರಿ ಮಾಡುವುದು ಅವನ ಕೆಲಸ. ಅಧ್ಯಕ್ಷರ ಹೆಂಡತಿಯ ಸ್ವಂತ ತಮ್ಮ. "ಎಂಟೂವರೆಗೆ ಬಾಗಿಲು ತೆಗೆದೆ. ಏನೂ ಮುಟ್ಟಿಲ್ಲ. ಭಾವನಿಗೆ ಫೋನ್ ಮಾಡಿದೆ, ಐದೇ ನಿಮಿಷಕ್ಕೆ ಬಂದುಬಿಟ್ಟರು."

"ಪಿಸ್ತೂಲಿನ ಕಪಾಟಿನ ಬೀಗ ಒಡೆದಿಲ್ಲ. ಕೀ ಯಾರ ಹತ್ರ ಇರುತ್ತೆ?"

"ಮೂರೇ ಜನ. ನಾನು, ಭಾವ, ಮೇಷ್ಟ್ರು."

ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗುರಿ ಹಿಡಿಯುವುದು ಕಲಿಸುವವರು.

"ಮಾಡಿದ್ದು ಈತನೇ," ಎಂದರು ಅಧ್ಯಕ್ಷರು. "ಗೆದ್ದವರ ಹೆಸರಿನ ಹಲಗೆ ತೆಗೆಸಿ ನನ್ನ ಚಿತ್ರ ಹಾಕಿಸಿದೆ ಅಂತ ನಿನ್ನೆ ಊರಿಗೆಲ್ಲ ಕೇಳೋ ಹಾಗೆ ಕೂಗಾಡಿದ. ಹನ್ನೆರಡಕ್ಕೆ ಸಮಿತಿ ಸೇರುತ್ತೆ. ಕೆಲಸದಿಂದ ತೆಗೀತೀವಿ. ಲೈಸೆನ್ಸೂ ರದ್ದು ಮಾಡಿಸ್ತೀನಿ."

"ಕೂಗಾಡಿದ್ದು ಹೌದು," ಎಂದರು ಮೇಷ್ಟ್ರು. "ಆ ಹಲಗೆ ಮೇಲೆ ನನ್ನ ಐವತ್ತೊಂದು ಜನ ಶಿಷ್ಯರ ಹೆಸರಿತ್ತು. ಗುಂಡು ಹೊಡೆದಿಲ್ಲ. ನನಗೆ ಬೇರೆ ಕೆಲಸ ಬರಲ್ಲ ಮೇಡಂ. ಇದು ಹೋದರೆ ಮನೇಲಿ ಕೂರಬೇಕು."

*

ಎಸ್‌ಐ ಪಿಸ್ತೂಲಿನ ಮೇಲೆ ಬಗ್ಗಿದಳು. ಹಿಡಿ ತರಿತರಿ. ಬೆರಳಿನ ಗುರುತು ಹತ್ತಿರಲಿಲ್ಲ. ಆದರೆ ಮೇಲೆ ಹಿಂದೆಮುಂದೆ ಸರಿಯುವ ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ. ಗುಂಡು ಹೋದ ಮೇಲೆ ಹೊರಗೆ ಹಾರಬೇಕಾದ ಖಾಲಿ ತೋಟಾ ಸಂದಿನಲ್ಲಿ ಸಿಕ್ಕಿ, ಅಡುಗೆಮನೆಯ ಹೊಗೆಗೂಡಿನ ಹಾಗೆ ನೆಟ್ಟಗೆ ನಿಂತಿತ್ತು.

"ನೋಡಿ ಇವನು ಎಣ್ಣೆ ಹಾಕೋ ಚಂದ," ಎಂದರು ಅಧ್ಯಕ್ಷರು.

ಮಿಸ್ತ್ರಿ ಕೆಂಪಗಾದ. "ನನಗೆ ಏನು ಬೇಕಾದರೂ ಅನ್ನಿ ಭಾವ. ನನ್ನ ಸ್ಪ್ರಿಂಗಿಗೆ ಅನ್ನಬೇಡಿ."

"ಸ್ಪ್ರಿಂಗ್ ಯಾವಾಗ ಬದಲಾಯಿಸಿದ್ದು?" ಎಂದಳು ಎಸ್‌ಐ.

"ಹೋದ ವಾರ. ಅನುಮಾನ ಇದ್ದರೆ ಹೊಡೆದು ನೋಡಿ."

ಫೋಟೋ ತೆಗೆಸಿ, ಸಿಕ್ಕಿದ್ದ ತೋಟಾವನ್ನು ಲಕೋಟೆಗೆ ಹಾಕಿಸಿ, ಎಲ್ಲರನ್ನೂ ಹಿಂದಿನ ಅಂಗಳಕ್ಕೆ ಕರೆದೊಯ್ದಳು. ಅದೇ ಪಿಸ್ತೂಲು, ಅದೇ ಡಬ್ಬಿಯ ತೋಟಾ. ಮೇಷ್ಟ್ರು ಐದು ಹೊಡೆದರು. ಐದೂ ಖಾಲಿ ತೋಟಾ ಬಲಗಡೆ ಟಣಟಣ ಹಾರಿದವು. ಮಿಸ್ತ್ರಿ ಐದು ಹೊಡೆದ. ಅವೂ ಹಾರಿದವು.

"ಈಗ ಹೇಳಿ ಭಾವ, ನನ್ನ ಎಣ್ಣೆ ಹೇಗಿದೆ?"

ಎಸ್‌ಐಗೆ ತನ್ನ ತರಬೇತಿಯ ದಿನ ನೆನಪಾಯಿತು. ಅವಳ ಕೈಯಲ್ಲಿ ಪಿಸ್ತೂಲು ಮೂರು ಸಲ ಹೀಗೇ ಸಿಕ್ಕಿಕೊಂಡಿತ್ತು. ಪಿಸ್ತೂಲಿನ ಕುಲವನ್ನೇ ಬೈದಿದ್ದಳು. ಹವಾಲ್ದಾರ ಅದನ್ನೇ ತೆಗೆದುಕೊಂಡು ಹತ್ತು ಗುಂಡು ಸಲೀಸಾಗಿ ಹಾರಿಸಿ, "ತಾಯಿ, ಅದಕ್ಕೇನೂ ಆಗಿಲ್ಲ, ನಿನ್ನ ಕೈಗೇ ಊಟ ಸಾಲದು" ಎಂದಿದ್ದ.

ಈಗ ಅವಳಿಗೆ ಖುಷಿ ತಡೆಯಲಾಗಲಿಲ್ಲ.

"ಸಾರ್, ನೀವೂ ಒಂದು ಹೊಡೀರಿ. ನಾಳೆ ಮಕ್ಕಳ ಪಂದ್ಯಕ್ಕೆ ಉದ್ಘಾಟನೆಯ ಗುಂಡು ನಿಮ್ಮದೇ ಅಂತೆ."

"ಭುಜ ನೋವು."

"ಅಷ್ಟು ದೊಡ್ಡ ಪದಕ ಗೆದ್ದವರು. ನೋಡಿ ಕಲಿಯೋಣ ಅಂತ."

ಅಧ್ಯಕ್ಷರ ಮೀಸೆ ಅಲುಗಿತು. ಪಿಸ್ತೂಲು ತೆಗೆದುಕೊಂಡರು. ಬಿಸಿ ಚಹಾದ ಲೋಟ ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದರು. ಢಮ್ ಎಂದಿತು. ಮಣಿಕಟ್ಟು ಹಿಂದಕ್ಕೆ ಬಾಗಿ ಪಿಸ್ತೂಲಿನ ಮೂತಿ ಆಕಾಶ ನೋಡಿತು. ಗುಂಡು ಗುರಿಹಲಗೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಯಿತು. ಖಾಲಿ ತೋಟಾ ಎಲ್ಲೂ ಹೋಗಲಿಲ್ಲ. ಸಂದಿನಲ್ಲಿ ನೆಟ್ಟಗೆ ನಿಂತಿತು.

ಮೊದಲು ನಕ್ಕವನು ಮಿಸ್ತ್ರಿ.

*

"ಇಂಥ ಪಿಸ್ತೂಲು ತಾನೇ ಖಾಲಿ ತೋಟಾ ಎಸೆದು, ತಾನೇ ಮುಂದಿನದನ್ನು ತುಂಬಿಕೊಳ್ಳುತ್ತೆ," ಎಂದಳು ಎಸ್‌ಐ. "ಗುಂಡಿನ ಒದೆತಕ್ಕೆ ಸ್ಲೈಡ್ ಹಿಂದೆ ಓಡಬೇಕು. ಅದು ಪೂರ್ತಿ ಓಡಬೇಕಾದರೆ ಕೈ ಕಲ್ಲಿನ ಹಾಗೆ ನಿಲ್ಲಬೇಕು. ಮಣಿಕಟ್ಟು ಸಡಿಲ ಬಿಟ್ಟರೆ ಕೈಯೂ ಜೊತೆಗೇ ಹಿಂದೆ ಹೋಗುತ್ತೆ, ಸ್ಲೈಡ್ ಅರ್ಧ ದಾರೀಲೇ ವಾಪಸ್ ಬರುತ್ತೆ. ಹಾರೋ ತೋಟಾ ಬಾಗಿಲಲ್ಲಿ ಸಿಕ್ಕಿಬೀಳುತ್ತೆ."

"ಮೇಷ್ಟ್ರು ಬೇಕಂತಲೇ ಸಡಿಲ ಹಿಡಿದಿರಬಹುದಲ್ಲ?" ಅಧ್ಯಕ್ಷರ ದನಿ ಪಾತಾಳಕ್ಕೆ ಇಳಿದಿತ್ತು.

"ಹಿಡಿದಿದ್ದರೆ ಆಮೇಲೆ ಏನು ಮಾಡ್ತಿದ್ದರು? ಮೇಷ್ಟ್ರೇ, ತೋರಿಸಿ."

ಮೇಷ್ಟ್ರು ಪಿಸ್ತೂಲು ತೆಗೆದುಕೊಂಡು, ಅದರ ಮೂತಿಯನ್ನು ದಿಬ್ಬದ ಕಡೆಗೇ ಇಟ್ಟು, ತೋಟಾ ತುಂಬುವ ಮ್ಯಾಗಜೀನ್ ತೆಗೆದು ಸ್ಲೈಡ್ ಒಂದು ಸಲ ಜಗ್ಗಿದರು. ತೋಟಾ ಕೆಳಗೆ ಬಿತ್ತು. ಮಗುವಿನ ಮೂಗು ಒರೆಸಿದಷ್ಟೇ ಹೊತ್ತು.

"ಇದು ಗೊತ್ತಿದ್ದವರು ಪಿಸ್ತೂಲನ್ನು ಒರೆಸಿ ಕಪಾಟಿಗೆ ಇಟ್ಟುಬಿಡ್ತಿದ್ದರು. ಮೇಜಿನ ಮೇಲೆ ಬಿಟ್ಟು ಓಡಿದವರಿಗೆ ಅದನ್ನು ಬಿಡಿಸೋಕೂ ಬರಲ್ಲ, ಮುಟ್ಟೋಕೂ ಭಯ. ಕೀ ಇರೋ ಮೂವರಲ್ಲಿ ಅಂಥವರು ಒಬ್ಬರೇ. ಮಿಸ್ತ್ರಿ, ನಿಮ್ಮ ಭಾವನ ಮನೆ ಎಷ್ಟು ದೂರ?"

"ಅರ್ಧ ಗಂಟೆ ದಾರಿ." ಮಿಸ್ತ್ರಿ ತಲೆ ಚಚ್ಚಿಕೊಂಡ. "ಐದು ನಿಮಿಷಕ್ಕೆ ಬಂದರಲ್ಲ. ಭಾವ, ಎಲ್ಲಿದ್ದಿರಿ?"

"ಹಿಂದಿನ ಬೀದೀಲಿ. ಕಾರಲ್ಲೇ ಕೂತಿದ್ದೆ." ಅಧ್ಯಕ್ಷರು ಬೆಂಚಿನ ಮೇಲೆ ಕುಸಿದರು. "ನಾಳೆ ಮಕ್ಕಳೆದುರು ಮಾನ ಹೋಗಬಾರದು ಅಂತ ಏಳು ಗಂಟೆಗೇ ಬಂದೆ. ಮ್ಯಾಗಜೀನ್ ಖಾಲಿ ಅಂದುಕೊಂಡು ಹಾಕಿ, ನೀವೆಲ್ಲ ಎಳೆಯೋ ಹಾಗೆ ಸ್ಲೈಡ್ ಎಳೆದು ಟ್ರಿಗರ್ ಒತ್ತಿದೆ. ಎದುರಿಗೆ ಗುರಿ ಇಡೋಕೆ ಅದೊಂದೇ ಚಿತ್ರ ಇತ್ತು."

"ಮತ್ತೆ ಪದಕ?"

"ಚದುರಂಗದ್ದು ಮೇಡಂ," ಎಂದ ಮಿಸ್ತ್ರಿ. "ಅದೂ ಮೂರನೇ ಸ್ಥಾನ. ಅಕ್ಕ ಹೇಳಿದ್ದಾಳೆ."

ಅಧ್ಯಕ್ಷರು ಮುಖ ಮುಚ್ಚಿಕೊಂಡರು. ಬೆರಳ ಸಂದಿಯಿಂದ ಬಂದದ್ದು ಅಳುವಲ್ಲ, ನಗು. ಅದು ಶುರುವಾದ ಮೇಲೆ ಮೇಷ್ಟ್ರಿಗೂ ತಡೆಯಲಾಗಲಿಲ್ಲ.

"ಮೇಷ್ಟ್ರ ಮೇಲಿನ ದೂರು ವಾಪಸ್ ಅಂತ ಬರೆದುಕೊಡಿ," ಎಂದಳು ಎಸ್‌ಐ. "ನಿಮ್ಮ ಮೇಲೆ ಕೇಸು ಹಾಕಲೇಬೇಕು ಸಾರ್. ನಿರ್ಲಕ್ಷ್ಯ ಒಂದು, ಸುಳ್ಳು ದೂರು ಇನ್ನೊಂದು. ಕೀ ಇಲ್ಲಿ ಕೊಡಿ."

"ನಾಳೆ ಉದ್ಘಾಟನೆ?"

"ರಿಬ್ಬನ್ ಕತ್ತರಿಸಿ. ಕತ್ತರಿ ಸಿಕ್ಕಿಕೊಳ್ಳಲ್ಲ."

"ಸೋಮವಾರದಿಂದ ತರಗತಿಗೆ ಬನ್ನಿ," ಎಂದರು ಮೇಷ್ಟ್ರು. "ಮೊದಲ ತಿಂಗಳು ಬರೀ ಕೈಯಲ್ಲಿ ಹಿಡಿಯೋದು ಕಲಿಸ್ತೀನಿ."

ಸಮಿತಿ ಹನ್ನೆರಡಕ್ಕೆ ಸೇರಿ, ಹನ್ನೆರಡೂ ಹತ್ತಕ್ಕೆ ಎದ್ದಿತು. ಮೇಷ್ಟ್ರ ಕೆಲಸ ಉಳಿಯಿತು. ಎಸ್‌ಐ ವರದಿಯ ಕೊನೆಯ ಸಾಲು ಬರೆದು ಪೆನ್ನು ಮುಚ್ಚಿದಳು. ಹೋದದ್ದು: ಹನ್ನೆರಡು ಗುಂಡು, ಒಂದು ಗಾಜು, ಅರ್ಧ ದಿನದ ಅಭ್ಯಾಸ.