ನಾನು ಕೂಗಿದ್ದು ಒಂದೇ ಸಲ

ನಮ್ಮ ಪೀಣ್ಯ ಫ್ಯಾಕ್ಟರಿಯವರೆಲ್ಲ ಇವತ್ತಿಗೂ ನನ್ನನ್ನೇ ಬೈಯುತ್ತಾರೆ. ತಪ್ಪಿನಲ್ಲಿ ಅರ್ಧ ನನ್ನದು, ಒಪ್ಪಿದೆ. ಉಳಿದರ್ಧಕ್ಕೂ ನಾನೇ ಏಕೆ ಬೈಸಿಕೊಳ್ಳಲಿ?

ಭಾನುವಾರ ಮಾಕಳಿಯಾಚೆಯ ಕೆರೆಯ ನಡುಗಡ್ಡೆಗಳನ್ನು ನೋಡಲು ದೋಣಿಯಲ್ಲಿ ಹೋಗಿದ್ದೆವು. ಗೈಡ್ ವೆಂಕಟೇಶಪ್ಪ ಲೈಫ್ ಜಾಕೆಟ್ ಹಂಚುತ್ತಲೇ ಎಚ್ಚರಿಸಿದರು: "ಅಲ್ಲಿ ಯಾರ್ನೂ ಎಸರು ಇಡಿದು ಕೂಗ್ಬೇಡಿ. ಜಾಕೆಟ್ ಮೇಲಿರೋ ನಂಬರ್ ಕೂಗಿ, ಸಾಕು."

ಇಷ್ಟು ಕೇಳಿದ ಮೇಲೆ ಮಿಮಿಕ್ರಿ ಮಾಡುವವನು ಸುಮ್ಮನಿರುತ್ತಾನೆಯೇ? ಮಟಮಟ ಮಧ್ಯಾಹ್ನ ನಡುಗಡ್ಡೆಯೊಂದರಲ್ಲಿ ಊಟಕ್ಕೆ ಇಳಿದಾಗ ಜಾಲಿಮರದ ಹಿಂದೆ ಅಡಗಿದೆ. ಗೆಳೆಯ ಮುತ್ತುವಿನ ತಾಯಿಯ ದನಿ ಫೋನಿನಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠ. ಅದೇ ದನಿಯಲ್ಲಿ "ಮುತ್ತೂ" ಎಂದು ಒಂದು ಸಲ ಕೂಗಿ, ಬಾಯ್ತುಂಬ ಚಿತ್ರಾನ್ನ ತುಂಬಿಕೊಂಡೆ.

ಗಾಳಿ ನಿಂತಿತು. ಕಾದ ಬಂಡೆ ಪಾದದಡಿ ತಣ್ಣಗಾಯಿತು. ನೀರಿನ ಕಡೆಯಿಂದ ಅದೇ ದನಿ ಎರಡು ಸಲ ಕೇಳಿತು, ನನಗೆ ಗೊತ್ತಿಲ್ಲದ ಯಾವುದೋ ಹೆಸರು ಹಿಡಿದು. "ಬಂದ್ನಿ ಯವ್ವಾ" ಎನ್ನುತ್ತ ಮುತ್ತು ಎದೆಮಟ್ಟ ನೀರಿಗಿಳಿದಿದ್ದ. "ಏಳ್ನೇ ನಂಬರ್!" ಎಂದು ಅವನ ಜಾಕೆಟ್ ನಂಬರ್ ಹಿಡಿದು ಅರಚಿ ವೆಂಕಟೇಶಪ್ಪ ಅವನನ್ನು ಎಳೆದು ತಂದರು.

ಎಲ್ಲರೂ ನನ್ನ ಮೇಲೆ ಬಿದ್ದರು.

"ಆಮೇಲೆ ಕೂಗಿದ್ದು ನಾನಲ್ಲ ಕಣ್ರೋ, ಬಾಯಲ್ಲಿ ಅನ್ನ ಇತ್ತು!"

ಯಾರೂ ನಂಬಲಿಲ್ಲ. ತೊಯ್ದು ತೊಪ್ಪೆಯಾದ ಮುತ್ತು ಮಾತ್ರ ಕೆರೆಯಾಚೆ ಕೇಳುವಂತೆ ನಗುತ್ತಿದ್ದ. "ಭಾಳ ಛಂದ ಕೂಗಿದಿ ಬಿಡಲೇ! ಆದ್ರ ನಮ್ಮವ್ವ ಮನ್ಯಾಗಷ್ಟ ಕರಿಯೋ ಹೆಸರು ನಿನಗ ಯಾರು ಹೇಳಿದ್ರು?"