ಸ್ಟುಡಿಯೋದಲ್ಲಿ ಸಿಡಿದ ಲ್ಯಾಪ್‌ಟಾಪ್

ಹೊಗೆಯ ವಾಸನೆ ಮೊದಲು ಬಡಿದದ್ದು ಕಟ್ಟಡದ ಮಾಲೀಕ ಆವಲಪ್ಪನಿಗೆ. ದೊಡ್ಡಬಳ್ಳಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿ. ಮಟಮಟ ಮಧ್ಯಾಹ್ನ. ಮಹಡಿಯ ಮೇಲಿನ ವಿಡಿಯೋ ಸ್ಟುಡಿಯೋದ ಬಾಗಿಲನ್ನು ಚಿಲಕ ಹಾಕದೆ ಸುಮ್ಮನೆ ಎಳೆಯಲಾಗಿತ್ತು. ತಳ್ಳಿದ. ಮೇಜಿನ ಮೇಲೆ ಲ್ಯಾಪ್‌ಟಾಪ್ ಉರಿಯುತ್ತಿತ್ತು. ನೆಲದ ಮೇಲೆ ಸ್ಟುಡಿಯೋ ನಡೆಸುವ ಪ್ರಮೋದಾ ಬಿದ್ದಿದ್ದಳು. ತಲೆಯ ಹಿಂಭಾಗದಿಂದ ರಕ್ತ ಇಳಿಯುತ್ತಿತ್ತು.

ಸಬ್ ಇನ್ಸ್‌ಪೆಕ್ಟರ್ ಸಂಘಮಿತ್ರ ಬರುವಷ್ಟರಲ್ಲಿ ಆಂಬುಲೆನ್ಸ್ ಹೊರಟುಹೋಗಿತ್ತು. ಬೆಂಕಿ ಆರಿತ್ತು. ಮೆಟ್ಟಿಲ ತುಂಬ ಜನ. ಎಲ್ಲರ ಬಾಯಲ್ಲೂ ಒಂದೇ ಮಾತು, ಬ್ಯಾಟರಿ ಸಿಡಿದಿದೆ.

"ಬ್ಲಾಸ್ಟ್ ಆಗಿದೆ ಮೇಡಂ. ಹೆದರಿ ಹಿಂದಕ್ಕೆ ಬಿದ್ದವ್ಳೆ. ಈ ಕಬ್ಬಿಣದ ಸ್ಟ್ಯಾಂಡು ತಲೆಗೆ ಬಡಿದದೆ," ಎಂದ ಹೆಡ್ ಕಾನ್‌ಸ್ಟೇಬಲ್ ವೆಂಕಟರಾಮಪ್ಪ.

"ಸದ್ದು ಕೇಳಿಸ್ತಾ ಆವಲಪ್ಪನವರೇ?"

"ಇಲ್ಲ ಕಣಮ್ಮ. ಕೆಳಗೇ ಕೂತಿದ್ದೆ. ಹೊಗೇನೇ ಮೊದಲು ಗೊತ್ತಾಗಿದ್ದು."

ಸಂಘಮಿತ್ರ ಪೊಲೀಸ್ ಆಗುವ ಮೊದಲು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಗ್ಲೌಸ್ ಹಾಕಿದ ಕೈಯಿಂದ ಲ್ಯಾಪ್‌ಟಾಪನ್ನು ನಿಧಾನಕ್ಕೆ ಎತ್ತಿ ನೋಡಿದಳು. ಕೀಲಿಗಳೆಲ್ಲ ಕರಗಿ ಅಂಟಾಗಿದ್ದವು. ತಳಕ್ಕೆ ಮಾತ್ರ ಮಸಿಯೂ ಹತ್ತಿರಲಿಲ್ಲ. ಅಲ್ಲಿ ಅಂಟಿಸಿದ್ದ ಚೀಟಿಯ ಅಕ್ಷರಗಳನ್ನು ಈಗಲೂ ಓದಬಹುದಿತ್ತು.

ಬ್ಯಾಟರಿ ಇರುವುದು ತಳದಲ್ಲಿ. ಬೆಂಕಿ ಹತ್ತಿದ್ದು ಮೇಲೆ.

ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಲ್ಯಾಪ್‌ಟಾಪ್, ಪಕ್ಕದಲ್ಲಿ ಅರ್ಧ ಕರಗಿದ್ದ ಹಾರ್ಡ್ ಡಿಸ್ಕ್, ಮೂಲೆಗೆ ಉರುಳಿದ್ದ ಲೆನ್ಸ್ ಒರೆಸುವ ಸ್ಪಿರಿಟ್ಟಿನ ಖಾಲಿ ಬಾಟಲಿ, ಎಲ್ಲಕ್ಕೂ ಸೀಲ್ ಹಾಕಿಸಿದಳು.

"ಗಂಡ ಎಲ್ಲಿ?"

ಆವಲಪ್ಪ ದನಿ ತಗ್ಗಿಸಿದ. "ಜಯಕುಮಾರ. ಫೋನ್ ಆಫ್ ಬರ್ತಾದೆ. ನಿನ್ನೆ ಸಂಜೆ ಇಬ್ರೂ ಬೀದಿಗೆ ಕೇಳೋ ಹಾಗೆ ಜಗಳ ಆಡಿದ್ರು. 'ಬಿಸಾಕು ಅದನ್ನ' ಅಂತ ಕೂಗ್ತಿದ್ದ."

* * *

ಆಸ್ಪತ್ರೆಯಲ್ಲಿ ಪ್ರಮೋದಾಗೆ ಪ್ರಜ್ಞೆ ಬಂದಿರಲಿಲ್ಲ. ಡಾಕ್ಟರು ಏನೂ ಹೇಳಲಾರೆ ಎಂದರು. ಸಂಘಮಿತ್ರ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದಳು. ಇನ್ಸ್‌ಪೆಕ್ಟರ್ ಫೋನ್ ಮಾಡಿದರು. "ಆಕಸ್ಮಿಕ ಅಂತ ಬರ್ಕೊಂಡು ಮುಗಿಸಮ್ಮ."

"ಒಂದು ದಿನ ಕೊಡಿ ಸಾರ್."

ಎಳನೀರು ಹಿಡಿದುಕೊಂಡು ಒಬ್ಬಾತ ಬಂದ. ಗರಿಗರಿ ಬಿಳಿ ಅಂಗಿ. ಹೆಸರು ಮುನಿರಾಜ್. ರಾಜಘಟ್ಟದವನು. ಈಚೆಗೆ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಡ್ರೋನ್ ಹಾರಿಸಿ ವಿಡಿಯೋ ಮಾಡಿದವಳು ಪ್ರಮೋದಾ.

"ನಮ್ಮ ತಂಗಿ ಇದ್ದ ಹಾಗೆ ಮೇಡಂ. ಹೋದ ವಾರ ವಿಡಿಯೋ ನೋಡೋಕೆ ಹೋಗಿದ್ದಾಗ್ಲೇ ಲ್ಯಾಪ್‌ಟಾಪಿನ ಬ್ಯಾಟರಿ ಊದ್ಕೊಂಡಿತ್ತು. ಮುಚ್ಚಳಾನೇ ಕೂರ್ತಿರಲಿಲ್ಲ. ತೆಗ್ಸಮ್ಮಾ ಅಂದೆ. ಕೇಳಲಿಲ್ಲ. ಇವತ್ತು ನೋಡಿ ಸಿಡೀತು."

"ಈ ವಾರ ಸ್ಟುಡಿಯೋ ಕಡೆ ಬಂದಿದ್ರಾ?"

"ಇಲ್ಲ ಮೇಡಂ. ಇವತ್ತೂ ಊರಲ್ಲೇ ಇದ್ದೆ."

ಸಂಜೆ ಜಯಕುಮಾರ್ ಓಡೋಡಿ ಬಂದ. ಹೆಗಲಲ್ಲಿ ಬ್ಯಾಗು. ಅಂಗಿ ಬೆವರಿನಿಂದ ಒದ್ದೆ.

"ಎಲ್ಲಿದ್ರಿ?"

"ಫ್ಯಾಕ್ಟರಿಲಿ ಮೇಡಂ."

"ಫ್ಯಾಕ್ಟರಿಯವರು ರಜೆ ಅಂದ್ರಲ್ಲ?"

ಅವನು ಬ್ಯಾಗನ್ನು ಎದೆಗೆ ಅವುಚಿಕೊಂಡ.

"ಬಿಚ್ಚಿ."

ಒಳಗೆ ಎರಡು ವಸ್ತು. ಒಂದು ಹೊಚ್ಚ ಹೊಸ ಪೆಟ್ಟಿಗೆ. ಇನ್ನೊಂದಕ್ಕೆ ದಿನಪತ್ರಿಕೆ ಸುತ್ತಿತ್ತು. ಸಂಘಮಿತ್ರ ಸುತ್ತು ಬಿಡಿಸಿದಳು. ಪೂರಿಯಂತೆ ಉಬ್ಬಿದ, ಕಪ್ಪನೆಯ, ಚಪ್ಪಟೆ ಲ್ಯಾಪ್‌ಟಾಪ್ ಬ್ಯಾಟರಿ.

"ಇದು ಅವಳದೇ ಮೇಡಂ," ಎಂದು ಜಯಕುಮಾರ್ ಅತ್ತುಬಿಟ್ಟ. "ನಿನ್ನೆ ಬಿಚ್ಚಿಸಿದೆ. ಇದು ಅಪಾಯ, ಬಿಸಾಕು ಅಂತ ಕೂಗಾಡಿದೆ. ಚಾರ್ಜರ್ ಹಾಕ್ಕೊಂಡೇ ಕೆಲಸ ಮಾಡ್ತೀನಿ, ಈಗ ಹೊಸದು ಬೇಡ ಅಂದ್ಲು. ಬೆಳಿಗ್ಗೆ ಅವಳಿಗೆ ಹೇಳ್ದೆ ರಜೆ ಹಾಕಿ ಬೆಂಗ್ಳೂರಿಗೆ ಹೋದೆ. ಇದನ್ನ ತೋರ್ಸಿ ಇಂಥದ್ದೇ ತಂದೆ. ದಾರೀಲಿ ನನ್ನ ಫೋನ್ ಚಾರ್ಜ್ ಮುಗ್ದೋಯ್ತು. ಜಗಳ ಆಡಿದ್ದು ಗೊತ್ತಾದ್ರೆ ನನ್ನನ್ನೇ ಹಿಡೀತಾರೆ ಅಂತ ಸುಳ್ಳು ಹೇಳ್ಬಿಟ್ಟೆ."

ಉಬ್ಬಿದ ಬ್ಯಾಟರಿಯ ಮೇಲಿನ ನಂಬರು ಲ್ಯಾಪ್‌ಟಾಪಿನ ತಳದ ಚೀಟಿಯಲ್ಲಿದ್ದ ಬ್ಯಾಟರಿ ನಂಬರಿಗೆ ತಾಳೆಯಾಯಿತು. ಲ್ಯಾಪ್‌ಟಾಪ್ ಉರಿಯುತ್ತಿದ್ದಾಗ ಅದರ ಬ್ಯಾಟರಿ ಬೆಂಗಳೂರಿನಲ್ಲಿತ್ತು!

* * *

ಮರುದಿನ ಬೆಳಿಗ್ಗೆಯೇ ಸಂಘಮಿತ್ರ ಫಾರೆನ್ಸಿಕ್ ಲ್ಯಾಬಿನಲ್ಲಿದ್ದಳು. ಅಲ್ಲಿನ ತಜ್ಞೆ ಶಿಲ್ಪ ಲ್ಯಾಪ್‌ಟಾಪ್ ಬಿಚ್ಚಿದಳು. ಬ್ಯಾಟರಿಯ ಜಾಗ ಖಾಲಿ. ಕೀಲಿಗಳ ಸಂದಿಯಲ್ಲಿ ಸ್ಪಿರಿಟ್ಟಿನ ಕುರುಹು.

ಆಮೇಲೆ ಹಾರ್ಡ್ ಡಿಸ್ಕ್. ಹೊರಗಿನ ಪ್ಲಾಸ್ಟಿಕ್ ಕರಗಿದ್ದರೂ ಒಳಗಿನ ಲೋಹದ ಡಬ್ಬಿ ಗಟ್ಟಿಯಾಗಿತ್ತು. ಕೇಬಲ್ ಸಿಕ್ಕಿಸಿದಳು. ಟಿಕ್, ಟಿಕ್, ಟಿಕ್. ಪರದೆ ಖಾಲಿ.

"ಹೋಯ್ತಾ?" ಸಂಘಮಿತ್ರ ಮುಂದಕ್ಕೆ ಬಾಗಿದಳು.

"ಈ ಸದ್ದು ಕೇಳಿದ್ರೆ ಎಲ್ರೂ ಡಿಸ್ಕ್ ಸತ್ತೋಯ್ತು ಅಂತಾರೆ. ಕರೆಂಟ್ ಸಾಲದಿದ್ರೂ ಹಿಂಗೇ ಬಡ್ಕೊಳ್ಳುತ್ತೆ. ಒಂದೊಂದಾಗಿ ಬದಲಾಯ್ಸಿ ನೋಡೋಣ."

ಕೇಬಲ್ ಬದಲಾಯಿತು. ಅದೇ ಟಿಕ್ ಟಿಕ್. ಬೇರೆ ಸಾಕೆಟ್. ಅದೇ. ಕೊನೆಗೆ ಬೇರೆ ಪವರ್ ಸಪ್ಲೈನಿಂದ ನೇರ ಕರೆಂಟ್ ಕೊಟ್ಟಳು. ಟಿಕ್ ಟಿಕ್ ನಿಂತಿತು. ಡಿಸ್ಕು ಸಣ್ಣಗೆ ಗುಂಯ್ಗುಟ್ಟುತ್ತಾ ತಿರುಗಿತು. ಮೊದಲು ಪೂರ್ತಿ ನಕಲು ತೆಗೆದಳು. ಆಮೇಲೆ ಗೃಹಪ್ರವೇಶದ ವಿಡಿಯೋ ತೆರೆದರು.

ಡ್ರೋನ್ ಹೊಸ ಮನೆಯ ಮೇಲಿಂದ ಏರುತ್ತದೆ. ಚಪ್ಪರ, ತೋರಣ, ಆಚೆ ರಸ್ತೆ. ರಸ್ತೆಯಲ್ಲಿ ಒಂದು ಮೊಪೆಡ್. ಹಿಂದಿನಿಂದ ನುಗ್ಗಿ ಬಂದ ಜೀಪು ಅದಕ್ಕೆ ಗುದ್ದುತ್ತದೆ. ಜೀಪು ನಿಲ್ಲುತ್ತದೆ. ಒಬ್ಬ ಇಳಿದು ನೋಡಿ, ಹತ್ತಿ, ನೇರ ಆ ಚಪ್ಪರದ ಮನೆಗೇ ಬರುತ್ತಾನೆ. ಅಂಗಳದಲ್ಲಿ ಇಳಿದಾಗ ಮುಖ ಕಾಣುತ್ತದೆ, ಮುನಿರಾಜ್.

ಸಂಘಮಿತ್ರ ವಿಡಿಯೋ ಅಲ್ಲಿಗೇ ನಿಲ್ಲಿಸಿದಳು. ಮೊಪೆಡ್ಡಿನಲ್ಲಿ ಹೋಗುತ್ತಿದ್ದ ರಾಜಘಟ್ಟದ ಬೈರಪ್ಪನ ಸಾವು. 'ಅಪರಿಚಿತ ವಾಹನ' ಎಂದು ಅವಳದೇ ಠಾಣೆಯಲ್ಲಿ ಕೊಳೆಯುತ್ತಿದ್ದ ಕೇಸು.

* * *

"ಊದಿದ ಬ್ಯಾಟರಿ ನೋಡಿದ್ದೆ ಅಂದ್ರಿ ಮುನಿರಾಜ್. ನಿಜಾನೇ ಹೇಳಿದ್ರಿ," ಠಾಣೆಯಲ್ಲಿ ಎದುರು ಕೂತು ಹೇಳಿದಳು ಸಂಘಮಿತ್ರ. "ಅದನ್ನ ಬಿಚ್ಚಿದ್ದು ಮಾತ್ರ ನಿಮಗೆ ಗೊತ್ತಿರಲಿಲ್ಲ. ಚಾರ್ಜರ್ ಹಾಕಿತ್ತು, ಲ್ಯಾಪ್‌ಟಾಪ್ ಓಡ್ತಿತ್ತು. ಜಯಕುಮಾರ್‌ಗೆ ಗೊತ್ತಿತ್ತು. ಅವರು ಬೆಂಕಿ ಹಚ್ಚೋರಾಗಿದ್ರೆ ಬ್ಯಾಟರಿ ಮೇಲೆ ತಪ್ಪು ಹಾಕ್ತಿರಲಿಲ್ಲ. ಊದಿದ್ದು ಗೊತ್ತಿದ್ದು, ತೆಗ್ದಿದ್ದು ಗೊತ್ತಿಲ್ಲದೋರು ಹಚ್ಚಿದ ಬೆಂಕಿ ಇದು."

"ನಾನು ಊರಲ್ಲಿದ್ದೆ ಮೇಡಂ."

"ಬೆಂಕಿ ಹತ್ತಿದ ಹೊತ್ತಲ್ಲಿ ನಿಮ್ಮ ಫೋನು ಹಳೇ ಬಸ್ ನಿಲ್ದಾಣದ ಟವರ್‌ನಲ್ಲಿತ್ತು. ಪ್ರಮೋದಾ ಕೊನೇ ಸಲ ಫೋನ್ ಮಾಡಿದ್ದೂ ನಿಮಗೇ. ಡಿಸ್ಕೂ ಸುಟ್ಟೋಯ್ತು ಅಂದ್ಕೊಂಡ್ರಿ. ಸುಟ್ಟಿಲ್ಲ." ವಿಡಿಯೋ ಹಾಕಿದಳು.

ಮುನಿರಾಜ್ ಪೂರ್ತಿ ನೋಡಲಿಲ್ಲ. ಮುಖ ಮುಚ್ಚಿಕೊಂಡ.

"ಅವಳು ಕರೆದು ತೋರ್ಸಿದ್ಲು. 'ನೀವೇ ಹೋಗಿ ಒಪ್ಕೊಳಿ ಅಣ್ಣ, ಜೊತೇಲಿ ನಾನೂ ಬರ್ತೀನಿ' ಅಂದ್ಲು. ಅಳಿಸಮ್ಮ ಅಂತ ಕಾಲು ಹಿಡ್ಕೊಂಡೆ. ಆಗಲ್ಲ ಅಂದ್ಲು. ತಳ್ಬಿಟ್ಟೆ. ಏಳಲೇ ಇಲ್ಲ..."

ಅಷ್ಟರಲ್ಲಿ ವೆಂಕಟರಾಮಪ್ಪ ಬಾಗಿಲಲ್ಲಿ ತಲೆ ಹಾಕಿದ. "ಮೇಡಂ, ಆಸ್ಪತ್ರೆಯಿಂದ ಫೋನು. ಕಣ್ಣು ಬಿಟ್ಟವ್ಳೆ."

* * *

ಆದರೂ ಸಂಘಮಿತ್ರಳಿಗೆ ನೆಮ್ಮದಿಯಾಗಲಿಲ್ಲ. ಜೀಪು ಹತ್ತಿ ರಾಜಘಟ್ಟಕ್ಕೆ ಹೋದಳು. ಬೈರಪ್ಪನ ಹೆಂಡತಿ ಅಮ್ಮಯಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಸಂಘಮಿತ್ರ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು.

"ಗಾಡಿ ನಿಲ್ಲಿಸಿದ್ನಾ?"

"ನಿಲ್ಲಿಸಿದ. ಇಳಿದು ನೋಡಿದ."

"ಆಗ ಇವ್ರಿಗೆ ಜೀವ ಇತ್ತಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು.

"ಇತ್ತಮ್ಮ. ಕೈ ಎತ್ತಿದ್ದು ವಿಡಿಯೋದಲ್ಲಿ ಕಾಣುತ್ತೆ."

ಅಮ್ಮಯಮ್ಮನ ಬೆರಳುಗಳು ನಿಂತವು. ರಸ್ತೆಯ ಕಡೆಗೆ ನೋಡಿದಳು.

"ಗುರುತು ಹಿಡಿದಿರ್ತಾರೆ," ಎಂದಳು. "ನಮ್ಮ ಮುನಿರಾಜ ಬಂದ, ಇನ್ನು ಭಯ ಇಲ್ಲ ಅಂದ್ಕೊಂಡಿರ್ತಾರೆ."